ಸೊಪ್ಪಿನ ಧೂಳು

ಗಾಜಿನ ಗೋಡೆಯಾಚೆ ನೋಡುಗರು ಬಂದು ನಿಂತಾಗಲೆಲ್ಲ ಮಿಲಾಗ್ರೋಸ್ ಮುಖದ ಮಾಸ್ಕ್ ತೆಗೆದಿಡಬೇಕೆಂದು ಗಾಂಜಾ ಸಿಗರೇಟು ತಯಾರಿಸುವ ಆ ಕಂಪನಿ ಹೇಳಿತ್ತು. ಅವಳು ತೆಗೆದಿಡುತ್ತಿದ್ದಳು. ಜನವರಿ ಕೊನೆಯ ಒಂದು ಬೆಳಿಗ್ಗೆ, ಬಾಸ್ಟನ್ನಿನಿಂದ ಬಂದ ಗುಂಪೊಂದು ಆಚೆ ನಿಂತು ಕೈಬೀಸುತ್ತಿದ್ದಾಗ, ಅವಳು ಸೊಪ್ಪು ಅರೆಯುವ ಗ್ರೈಂಡರಿನ ಪಕ್ಕ ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಳು. ಮಧ್ಯಾಹ್ನದ ಊಟಕ್ಕೆ ಮುಂಚೆ ಯಂತ್ರ ಒರೆಸಿ ಬೇರೊಬ್ಬಳನ್ನು ಅಲ್ಲಿ ನಿಲ್ಲಿಸಲಾಯಿತು. ಮೃತಳಿಗೆ ಚಿಕ್ಕಂದಿನಿಂದಲೂ ಆಸ್ತಮಾ ಇತ್ತೆಂದು ಸಂಜೆ ಕಂಪನಿ ಹೇಳಿಕೆ ಕೊಟ್ಟಿತು.

"ಹೇಳಿಕೆ ಬರ್ದಿದ್ದು ನಾನಲ್ಲ ಮಿಸ್. ಅದು ಮೇಲಿನೋರ ಕೆಲಸ," ಎಂದ ಬ್ರೆಂಡನ್ ಲೀಹಿ.

ಅವನು ಆ ಕಾರ್ಖಾನೆಯ ಮ್ಯಾನೇಜರು. ಮಿಲಾಗ್ರೋಸಳ ಅಕ್ಕ ನೊಯೆಮಿಯ ಅಡುಗೆಮನೆಯಲ್ಲಿ, ತಾನೇ ತಂದ ಬಿಳಿ ಹೂಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದ ಕೋಣೆಯಲ್ಲಿ ನೆರೆಯ ಹೆಂಗಸರು ಮಡಿಚುವ ಕುರ್ಚಿಗಳನ್ನು ಬಿಡಿಸಿ ಸಾಲಾಗಿ ಇಡುತ್ತಿದ್ದರು. ಸತ್ತವರಿಗಾಗಿ ಒಂಬತ್ತು ಸಂಜೆ ಜಪಮಾಲೆಯ ಪ್ರಾರ್ಥನೆ, ಅಂದು ಐದನೆಯದು. ಒಲೆಯ ಮೇಲೆ ತೊಗರಿಕಾಳಿನ ಅನ್ನ ಬೇಯುತ್ತಿತ್ತು.

"ಬರ್ದಿದ್ದು ನೀನಲ್ಲ. ಓದಿದ್ದು ನೀನು. ಟೀವಿಯಲ್ಲಿ ನೋಡಿದೆ. ಟೈ ಚೆನ್ನಾಗಿತ್ತು."

ಬ್ರೆಂಡನ್ ತಲೆ ತಗ್ಗಿಸಿದ. ಸಾಲ್ಟನ್ ಫಾಲ್ಸ್ ಊರಿನಲ್ಲಿ ನಲವತ್ತರ ಒಳಗಿನವರೆಲ್ಲ ನೊಯೆಮಿ ಓಡಿಸುವ ಹಳದಿ ಬಸ್ಸಿನಲ್ಲಿ ಶಾಲೆಗೆ ಹೋದವರೇ. ಅವರ ಮದುವೆಯಾಗಲಿ, ಕೂದಲು ಉದುರಲಿ, ಅವಳೆದುರು ಅವರಿಗೆ ವಯಸ್ಸಾಗುವುದಿಲ್ಲ.

"ನಂಗೂ ಮಿಲಿ ಅಂದ್ರೆ ಇಷ್ಟ ಇತ್ತು ಮಿಸ್. ಯಾರಿಗಿರ್ಲಿಲ್ಲ? ನಗ್ತಾ ನಗ್ತಾ ಕೆಲಸ ಮಾಡೋಳು."

"ಕೊನೆಕೊನೆಗೆ ನಗೋಕೆ ಉಸಿರು ಸಾಲ್ತಿರ್ಲಿಲ್ಲ. ವಿಷಯಕ್ಕೆ ಬಾ."

ವಿಷಯ ಇಷ್ಟು. ಕಾಲುವೆ ದಂಡೆಯ ಹಳೆ ಕಾಗದದ ಮಿಲ್ಲಿನಲ್ಲಿ ಕಂಪನಿ ಈಗ ಎರಡು ಮಹಡಿ ಹಿಡಿದಿದೆ. ಇನ್ನೆರಡು ಮಹಡಿಗೆ ಪರವಾನಗಿ ಬೇಕು. ಮಂಗಳವಾರ ಸಂಜೆ ಟೌನ್ ಹಾಲಿನಲ್ಲಿ ಊರವರ ಅಹವಾಲು ಕೇಳುತ್ತಾರೆ. ಗಾಂಜಾ ಬೇಡವೆನ್ನುವವರು ಮಿಲಾಗ್ರೋಸಳ ಸಾವನ್ನು ಎತ್ತಿಕೊಂಡು ಬರುವುದು ಖಂಡಿತ. ಅದಕ್ಕೆ ಮೊದಲು ಅವಳ ಅಕ್ಕನೇ ಎದ್ದು ನಿಂತು ನಾಲ್ಕು ಮಾತು ಹೇಳಿಬಿಟ್ಟರೆ?

ಬ್ರೆಂಡನ್ ಜೇಬಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದ. ನೊಯೆಮಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿಯೇ ಓದಿದಳು: "'ನನ್ನ ತಂಗಿಯ ಎದೆ ಮೊದಲಿನಿಂದಲೂ ದುರ್ಬಲವಾಗಿತ್ತು. ಅವಳು ಈ ಗಿಡವನ್ನು ಪ್ರೀತಿಸುತ್ತಿದ್ದಳು. ಈ ಕೆಲಸ ಮುಂದುವರಿಯುವುದೇ ಅವಳಿಗೆ ನಾವು ಸಲ್ಲಿಸುವ ಗೌರವ.' ಓಹೋ. ಸತ್ತೋರ ಬಾಯಿಂದ ಮಾತಾಡ್ಸೋ ವಿದ್ಯೆ ಯಾವ ಕಾಲೇಜಲ್ಲಿ ಕಲಿಸ್ತಾರೋ?"

"ಊಟದ ಕೋಣೆಗೆ ಅವಳ ಹೆಸರಿಡ್ತೀವಿ ಮಿಸ್. ಹಿತ್ತಾಳೆ ಫಲಕ ಮಾಡೋಕೆ ಹಾಕಿದೀವಿ."

"ಊಟದ ಕೋಣೆಗ್ಯಾಕೆ? ಗ್ರೈಂಡರ್ ಕೋಣೆಗೇ ಇಡು. ಅವಳು ಬಿದ್ದಿದ್ದು ಅಲ್ಲಿ ತಾನೆ."

"ನೀವೇ ಹೇಳ್ತಿದ್ರಿ," ಬ್ರೆಂಡನ್ ದನಿ ಸಣ್ಣದಾಯಿತು, "ಸೊಪ್ಪು ಇವತ್ತಿನವರೆಗೆ ಯಾರನ್ನೂ ಕೊಂದಿಲ್ಲ ಅಂತ. ನಾವಿಬ್ರೂ ಸೇರಿ ಮನೆಮನೆ ಬಾಗಿಲು ತಟ್ಟಿದ್ವಿ. ಚಳೀಲಿ. ನಿಮ್ಮ ಮಾತು ಕೇಳೇ ಈ ಊರು ಹೂಂ ಅಂದಿದ್ದು. ಈಗ ನೀವೇ ಬೇರೆ ಮಾತಾಡಿದ್ರೆ ಮುನ್ನೂರು ಜನದ ಅನ್ನ ಹೋಗುತ್ತೆ."

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲೋ. ನನ್ನ ಮಾತನ್ನೂ ನೀನೇ ಬರ್ಕೊಂಡು ಬಂದಿದೀಯ. ಹೂ ಅಲ್ಲಿಡು, ಸಿಂಕ್‌ನಲ್ಲಿ. ಹೋಗೋದಾದ್ರೆ ಹೋಗು, ಇಲ್ಲ ಒಳಗೆ ಬಂದು ಪ್ರಾರ್ಥನೆಗೆ ಕೂರು."

ಅವನು ಹೋದ. ಹಾಳೆಯನ್ನು ಸಕ್ಕರೆ ಡಬ್ಬಿಯ ಕೆಳಗೆ ಸಿಕ್ಕಿಸಿ ಹೋದ.

ಬ್ರೆಂಡನ್ ಹೇಳಿದ್ದು ಸುಳ್ಳಲ್ಲ. ಗಾಂಜಾವನ್ನು ಕಾನೂನುಬದ್ಧ ಮಾಡಲು ಮತದಾನ ನಡೆದ ವರ್ಷ ನೊಯೆಮಿ ಬಾಗಿಲು ತಟ್ಟಿದ್ದಳು. ಅವಳಿಗೆ ಅದಕ್ಕೆ ಎರಡು ಕಾರಣವಿತ್ತು. ಮೊದಲನೆಯದು ಗಂಡ ಎಫ್ರಾಯಿನ್. ಅವನ ಅಂಗಿಯ ಜೇಬಿನಲ್ಲಿ ಒಂದು ಚಿಟಿಕೆ ಸೊಪ್ಪು ಸಿಕ್ಕಿತೆಂದು ಜೈಲಿಗೆ ಹಾಕಿದರು. ನದಿಯಾಚೆಯ ಕಾಲೇಜಿನ ಹುಡುಗರು ಅದೇ ಸೊಪ್ಪನ್ನು ಹುಲ್ಲಿನ ಮೇಲೆ ಮಲಗಿ ಸೇದುತ್ತಿದ್ದರು. ಪೊಲೀಸರ ಕಾರು ಎಂದೂ ಆ ಸೇತುವೆ ದಾಟಲಿಲ್ಲ. ಹೊರಬಂದ ಎಫ್ರಾಯಿನ್‌ಗೆ ಯಾರೂ ಕೆಲಸ ಕೊಡಲಿಲ್ಲ. ಕುಡಿದು ಕುಡಿದು ಸತ್ತ. ಕುಡಿತಕ್ಕೆ ಯಾವ ಕಾನೂನೂ ಅಡ್ಡ ಬರಲಿಲ್ಲ. ಎರಡನೆಯ ಕಾರಣ ಅವಳ ಎದೆಯ ಕ್ಯಾನ್ಸರ್ ಗಡ್ಡೆ. ಆಸ್ಪತ್ರೆಯ ಔಷಧಿ ಹೊಟ್ಟೆಗೆ ಹೋದ ದಿನ ನೀರೂ ನಿಲ್ಲುತ್ತಿರಲಿಲ್ಲ. ಎಲ್ಲಿಂದಲೋ ಮಿಲಿ ತಂದ ಸೊಪ್ಪನ್ನು ಎರಡು ದಮ್ಮು ಎಳೆದ ಮೇಲೆ ಒಂದು ಬಟ್ಟಲು ಕೋಳಿಯ ಸಾರು ಒಳಗೆ ನಿಂತಿತು. ತಂಗಿ ಅಕ್ಕನ ಬೆನ್ನು ಸವರುತ್ತ, "ನೋಡಿದ್ಯಾ, ಕಳ್ಳಮಾಲಿನ ಮಹಿಮೆ," ಎಂದು ನಕ್ಕಿದ್ದಳು.

ತಾಯಿ ಹೋದ ಮೇಲೆ ಮಿಲಿಯನ್ನು ಸಾಕಿದವಳು ನೊಯೆಮಿ. ಇಬ್ಬರ ನಡುವೆ ಇಪ್ಪತ್ತು ವರ್ಷದ ಅಂತರ. ಊರಲ್ಲಿ ಕೆಲವರು ಮಿಲಿಯನ್ನು ಅವಳ ಮಗಳೆಂದೇ ತಿಳಿದಿದ್ದರು.

ಅಕ್ಟೋಬರಿನಲ್ಲಿ ಮಿಲಿಗೆ ಕೆಮ್ಮು ಶುರುವಾಯಿತು. ಭಾನುವಾರ ಇಳಿಯುತ್ತಿತ್ತು, ಸೋಮವಾರ ಏರುತ್ತಿತ್ತು. ಕ್ಲಿನಿಕ್ಕಿನ ಡಾಕ್ಟರು ಸಿಗರೇಟು ಸೇದುತ್ತೀಯಾ ಎಂದು ಕೇಳಿದರು, ಗಾಂಜಾ ಸೇದುತ್ತೀಯಾ ಎಂದು ಕೇಳಿದರು. ಎರಡಕ್ಕೂ ಇಲ್ಲವೆಂದಾಗ ನೆಗಡಿಯೆಂದು ಬರೆದುಕೊಟ್ಟರು. ಎಲ್ಲಿ ಕೆಲಸ ಮಾಡುತ್ತೀಯ ಎಂದು ಕೇಳಲಿಲ್ಲ. ನೊಯೆಮಿ ಕೂಡ ಬೇರೆಯದನ್ನು ಯೋಚಿಸಲಿಲ್ಲ. ದಿನಾ ಮಲಗುವ ಮುಂಚೆ ಬಿಸಿ ಹಾಲಿಗೆ ಅದೇ ಸೊಪ್ಪಿನ ಎಣ್ಣೆ ನಾಲ್ಕು ಹನಿ ಬೆರೆಸಿ ತಂಗಿಗೆ ಕುಡಿಸಿದಳು. ಸಾಲ್ಟನ್ ಫಾಲ್ಸ್‌ನಲ್ಲಿ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ನೋವಿಗೆ, ನಿದ್ದೆಗೆ, ಹಸಿವಿಗೆ, ನಾಯಿಯ ನಡುಕಕ್ಕೆ, ಎಲ್ಲದಕ್ಕೂ ಅದೇ ಎಣ್ಣೆ. ಔಷಧಿಯೇ ರೋಗ ತರುತ್ತದೆಂದು ಯಾರಿಗೆ ಹೊಳೆಯುತ್ತದೆ?

"ಬೆಳಗ್ಗಿಂದ ಇದನ್ನೇ ಮೂಗಿಂದ ಕುಡೀತಿದೀನಲ್ಲೇ ಅಕ್ಕಾ," ಎಂದು ಮಿಲಿ ಗೊಣಗುತ್ತಿದ್ದಳು. ಗೊಣಗಿ ಕುಡಿಯುತ್ತಿದ್ದಳು.

ಪ್ರಾರ್ಥನೆ ಮುಗಿದು ಎಲ್ಲರೂ ಹೊರಟ ಮೇಲೆ ಹಲೀನಾ ಉಳಿದುಕೊಂಡಳು. ಮಿಲಿಯ ಜೊತೆ ಅದೇ ಕೋಣೆಯಲ್ಲಿ ಕೆಲಸ ಮಾಡುವ, ಅರವತ್ತರ ಹತ್ತಿರದ ಪೋಲಿಷ್ ಹೆಂಗಸು. ಜಪಮಾಲೆ ಅವಳದೂ ಅದೇ, ಮಂತ್ರದ ಭಾಷೆ ಮಾತ್ರ ಬೇರೆ. ಪಾತ್ರೆ ತೊಳೆಯಲು ನಿಂತವಳು ನಡುವೆ ತಿರುಗಿ ಮೊಣಕೈಗೆ ಮುಖ ಒತ್ತಿ ಕೆಮ್ಮಿದಳು.

"ನಿಂಗೂ ಶುರುವಾಗಿದ್ಯಾ?" ನೊಯೆಮಿ ಕೇಳಿದಳು.

"ನಂದು ಹಳೇ ಇಂಜಿನ್ನು ಕಣೆ. ಕೆಮ್ಮದಿದ್ರೆ ಸ್ಟಾರ್ಟೇ ಆಗಲ್ಲ." ಹಲೀನಾ ಸಕ್ಕರೆ ಡಬ್ಬಿಯ ಕೆಳಗಿನ ಹಾಳೆ ಎಳೆದು ಓದಿದಳು. "ಎದೆ ದುರ್ಬಲ! ಆ ದುರ್ಬಲ ಎದೆಯೋಳು ನನ್ನ ಪಾಲಿನ ಡಬ್ಬಾನೂ ಸೇರಿಸಿ ಎತ್ತೋಳು. 'ಅಜ್ಜೀ ನೀ ಕೂರು, ಸೊಂಟ ಹಿಡ್ಕೊಂಡ್ರೆ ನಿನ್ನ ಗಂಡ ನನ್ನ ಬೈತಾನೆ' ಅನ್ನೋಳು."

"ಏನಾಗುತ್ತೆ ಅಲ್ಲಿ? ಸರಿಯಾಗಿ ಹೇಳು. ಅವಳನ್ನ ನಾನು ಕೇಳ್ಲೇ ಇಲ್ಲ."

ಹಲೀನಾ ಕೈ ಒರೆಸಿಕೊಂಡು ಕೂತಳು. ಒಣಗಿದ ಮೊಗ್ಗುಗಳನ್ನು ಡಬ್ಬದಿಂದ ಗ್ರೈಂಡರಿಗೆ ಸುರಿಯುವುದು. ಪುಡಿಯಾದದ್ದು ಪಕ್ಕದ ಯಂತ್ರಕ್ಕೆ ಹೋಗಿ ಕಾಗದದ ಸಿಗರೇಟುಗಳಲ್ಲಿ ತುಂಬಿಕೊಳ್ಳುತ್ತದೆ. ಸುರಿದಾಗಲೆಲ್ಲ ಹಸಿರು ಹಳದಿ ಧೂಳು ಏಳುತ್ತದೆ. ರೆಪ್ಪೆ, ಕಿವಿ, ಬ್ರಾ ಪಟ್ಟಿ, ಎಲ್ಲೆಲ್ಲೂ ಅದೇ. ಅದನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ಮೂಲೆಯಲ್ಲೇ ಇದೆ. ಆದರೆ ಸರ್ಕಾರದ ಲೆಕ್ಕದಲ್ಲಿ ಅದರ ಚೀಲಕ್ಕೆ ಹೋದದ್ದು ಕಸ; ಕಸವನ್ನು ಮಣ್ಣಿಗೆ ಬೆರೆಸಿ ನಾಶ ಮಾಡಬೇಕು. ಬ್ರಷ್ಷಿನಿಂದ ಗುಡಿಸಿ ಬಾಣಲಿಗೆ ತುಂಬಿದ ಧೂಳು ಮಾತ್ರ ಮಾಲು. ದುಬಾರಿ ಸಿಗರೇಟಿನ ಮೇಲೆ ಅದನ್ನೇ ಸವರಿ ಮಾರುತ್ತಾರೆ. ಆದ್ದರಿಂದ ಗುಡಿಸುವುದು. ಬ್ರಷ್ ಹೋಗದ ಸಂದಿಗೆ ಗಾಳಿಯ ಪೈಪು ಹಿಡಿದು ಊದುವುದು.

"ಒಂದು ಮೊಗ್ಗು ಆಚೆ ಹೋದ್ರೆ ಊರು ಹಾಳಾಗುತ್ತೆ ಅಂತ ಬಾಗಿಲಲ್ಲಿ ನಮ್ಮ ಶೂ ಬಿಚ್ಚಿಸಿ ನೋಡ್ತಾರೆ," ಹಲೀನಾ ಎದೆ ತಟ್ಟಿಕೊಂಡಳು. "ಇಲ್ಲಿ ಹೊತ್ಕೊಂಡು ಹೋಗೋದನ್ನ ಯಾರೂ ತಡೆಯಲ್ಲ."

"ಮಾಸ್ಕು?"

"ಕೊಡ್ತಾರೆ. ಕಾಗದದ್ದು. ಆದ್ರೆ ಗಾಜಿನಾಚೆ ಗಿರಾಕಿಗಳು ಬಂದಾಗ ತೆಗೀಬೇಕು. ಬ್ರೆಂಡನ್ ಏನಂದ ಗೊತ್ತಾ? 'ಮಾಸ್ಕ್ ನೋಡಿದ್ರೆ ಜನ ಇದೇನೋ ವಿಷ ಅಂದ್ಕೋತಾರೆ ಅಮ್ಮಾ, ಇದು ಗಿಡ, ನೈಸರ್ಗಿಕ' ಅಂತ. ಮೊದಲು ದಿನಕ್ಕೆ ಒಂದು ಗುಂಪು ಬರ್ತಿತ್ತು. ಕ್ರಿಸ್‌ಮಸ್ ಆದ್ಮೇಲೆ ಒಂದು ಹೋದ್ರೆ ಇನ್ನೊಂದು. ಮಿಲಿ ಅವರಿಗೆ ಕೈಬೀಸೋಳು ಕಣೆ. ನಕ್ಕು ಕೈಬೀಸೋಳು." ಹಲೀನಾ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. "ನಮ್ಮಪ್ಪ ಇದೇ ಕಟ್ಟಡದಲ್ಲಿ ಕಾಗದ ಮಾಡಿದ. ಆಗ ಚಿಂದಿಬಟ್ಟೆ ಧೂಳು. ಆಗಲೂ ಇದನ್ನೇ ಹೇಳ್ತಿದ್ರು: ಹತ್ತಿ ತಾನೆ, ಹತ್ತಿ ಏನು ಮಾಡುತ್ತೆ."

"ಇದನ್ನ ಮಂಗಳವಾರ ಬಂದು ಹೇಳು."

"ಬರ್ತೀನಿ. ಹಸಿರು ಟೀಶರ್ಟ್ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂರ್ತೀನಿ. ಎಲ್ಲರೂ ಕೂರ್ಬೇಕು ಅಂತ ಹೇಳಿದಾರೆ. ಬಾಯಿ ಬಿಟ್ರೆ ಬುಧವಾರ ಕೆಲಸ ಇರಲ್ಲ. ನನ್ನ ಗಂಡನ ಡಯಾಲಿಸಿಸ್ ನಡೀತಿರೋದು ಕಂಪನಿ ವಿಮೆ ಮೇಲೆ." ಅವಳು ನೊಯೆಮಿಯ ಮುಖ ನೋಡಲಿಲ್ಲ. "ನೀನೇನು ಹೇಳ್ತೀಯ?"

ನೊಯೆಮಿ ಎದ್ದು ಒಲೆಯ ಮೇಲಿನ ಪಾತ್ರೆ ಎತ್ತಿಕೊಂಡಳು. ಪಾತ್ರೆಯ ತಳದಲ್ಲಿ ಸೀದ ಅನ್ನ ಇನ್ನೂ ಅಂಟಿಕೊಂಡಿತ್ತು.

"ಮುಚ್ಚಬೇಡಿ. ಕೊಲ್ಲಬೇಡಿ. ಅಷ್ಟೇ."

"ಅಷ್ಟೇ ಅಂತೆ!" ಹಲೀನಾ ನಗಲು ಹೋಗಿ ಕೆಮ್ಮಿದಳು. "ಈ ಊರಲ್ಲಿ ಅದನ್ನ ಕೇಳೋಕೆ ಕಿವಿ ಎಲ್ಲಿದೆಯೇ ಮಾರಾಯ್ತಿ."

ಸೋಮವಾರ ನೊಯೆಮಿ ಕೆಲಸಕ್ಕೆ ಹೋದಳು. ಮಧ್ಯಾಹ್ನದ ಟ್ರಿಪ್ ಮುಗಿಸಿ ಬಸ್ಸನ್ನು ಡಿಪೋಗೆ ತಂದು ನಿಲ್ಲಿಸಿದಾಗ ಬೇಲಿಯ ಪಕ್ಕ ಗೇಲ್ ಡೊಹರ್ಟಿ ಕಾಯುತ್ತಿದ್ದಳು. ಶಾಲೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಗಾಂಜಾ ಬೇಡವೆನ್ನುವವರ ಗುಂಪಿಗೆ ಅವಳೇ ಮುಂದಾಳು. ಆ ಮತದಾನದ ವರ್ಷ ಇಬ್ಬರೂ ಎದುರುಬದುರು ಫಲಕ ಹಿಡಿದು ನಿಂತಿದ್ದರು. ಆಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗೇಲ್ ಬಸ್ಸಿನ ಮೆಟ್ಟಿಲು ಹತ್ತಿ ಮೊದಲ ಸೀಟಿನಲ್ಲಿ ಕೂತಳು.

"ದುಃಖ ಹೇಳೋಕೆ ಬಂದೆ."

"ಹೇಳಿ."

"ಮಿಲಾಗ್ರೋಸ್‌ಗೆ ಆಸ್ತಮಾ ಇರಲಿಲ್ಲ." ಗೇಲ್ ಕೈಗವಸು ಕಳಚಿ ಮಡಿಲಲ್ಲಿಟ್ಟಳು. "ಶಾಲೆಯಲ್ಲಿ ಯಾವ ಮಗುವಿಗೆ ಉಸಿರಿನ ಪಂಪು ಬೇಕು, ಯಾವುದಕ್ಕೆ ಕಡಲೆಕಾಯಿ ಆಗಲ್ಲ, ಎಲ್ಲಾ ನಂಗೆ ಬಾಯಿಪಾಠ. ಓಟದಲ್ಲಿ ನಿಮ್ಮ ತಂಗಿ ಗಂಡುಹುಡುಗರನ್ನೂ ಹಿಂದೆ ಹಾಕೋಳು. ಅವರು ಹೇಳ್ತಿರೋದು ಹಸಿ ಸುಳ್ಳು."

ನೊಯೆಮಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. "ಇದನ್ನ ನಾಳೆ ಹೇಳ್ತೀರಾ?"

"ಹೇಳ್ತೀನಿ. ನೀವು ನನ್ನ ಪಕ್ಕ ನಿಂತ್ರೆ. ನಾನು ತಪ್ಪು ಮಾಡಿದ್ದೆ, ಈ ಗಾಂಜಾ ನನ್ನ ತಂಗೀನ ತಿಂತು, ಈ ದರಿದ್ರ ಕಾರ್ಖಾನೆ ಮುಚ್ಚಿ ಅಂತ ನೀವು ಒಂದು ಮಾತು ಹೇಳಿ. ಆಮೇಲೆ ನಾನು ಹೇಳೋದಕ್ಕೆ ತೂಕ ಬರುತ್ತೆ."

"ಗಾಂಜಾ ತಿನ್ನಲಿಲ್ಲ. ಧೂಳು ತಿಂತು. ಗಾಳಿ ಎಳೆಯೋ ಯಂತ್ರ ಹಾಕಿ, ಒಳ್ಳೇ ಮಾಸ್ಕ್ ಕೊಡಿ, ಗಾಜಿನ ಗೋಡೆಗೆ ಪರದೆ ಹಾಕಿ ಅಂತ ನಾನು ಕೇಳ್ತೀನಿ. ನೀವೂ ಕೇಳಿ."

ಗೇಲ್ ತಲೆಯಾಡಿಸಿದಳು. "ಅದನ್ನ ಕೇಳಿದ್ರೆ ಕಾರ್ಖಾನೆ ನಡೀಲಿ ಅಂತ ಒಪ್ಪಿದ ಹಾಗಾಯ್ತಲ್ಲ. ನೋಡಿ, ನಾನು ಶೋಕಿಗೆ ವಿರೋಧ ಮಾಡ್ತಿಲ್ಲ. ಅಮ್ಮನ ಪರ್ಸ್‌ನಲ್ಲಿದ್ದ ಗಾಂಜಾ ಮಿಠಾಯಿ ತಿಂದು ಎರಡನೇ ಕ್ಲಾಸಿನ ಮಗು ನನ್ನ ತೊಡೆ ಮೇಲೆ ಎಚ್ಚರ ತಪ್ಪಿ ಬಿದ್ದಿದೆ. ಹದಿನಾರರ ಹುಡುಗರು ಗೋಡೆ ಜೊತೆ ಮಾತಾಡೋದನ್ನ ನೋಡಿದೀನಿ."

"ನೀವು ನೋಡಿದ್ದು ನಿಜ. ನಾನು ಇಲ್ಲ ಅನ್ನಲ್ಲ. ಅವತ್ತು ಇಲ್ಲ ಅಂದೆ, ಇವತ್ತು ಅನ್ನಲ್ಲ." ನೊಯೆಮಿ ತಿರುಗಿ ನೋಡಿದಳು. "ಆದ್ರೆ ನೀವು ಮುಚ್ಚಿಸಿದ್ರೆ ಮತ್ತೆ ಯಾರ ಜೇಬು ತಡಕ್ತಾರೆ ಗೇಲ್? ನಿಮ್ಮ ಬೀದೀಲಿ ತಡಕ್ತಾರಾ? ಎಫ್ರಾಯಿನ್ ಜೈಲಿಗೆ ಹೋದಾಗ ಅವನ ಆರೋಗ್ಯ ವಿಚಾರಿಸೋಕೆ ಯಾವ ನರ್ಸೂ ಬರಲಿಲ್ಲ."

ಗೇಲ್ ಕೈಗವಸು ಹಾಕಿಕೊಂಡಳು. ಇಳಿಯುವಾಗ ಒಂದು ಕ್ಷಣ ಕಂಬಿ ಹಿಡಿದು ನಿಂತು, "ಹಟ ಬಿಡಿ. ಒಂದು ಕಡೆ ನಿಲ್ಲದಿದ್ರೆ ನಿಮ್ಮ ಮಾತು ಗಾಳಿಗೆ ಹೋಗುತ್ತೆ," ಎಂದಳು.

"ಗಾಳೀ ಬಗ್ಗೆನೇ ನಾನು ಹೇಳ್ತಿರೋದು," ಎಂದಳು ನೊಯೆಮಿ, ಬಾಗಿಲಿನ ಗುಂಡಿ ಒತ್ತುತ್ತ.

ಮಂಗಳವಾರ ಟೌನ್ ಹಾಲ್ ಕಿಕ್ಕಿರಿದಿತ್ತು. ಮುಂದಿನ ಮೂರು ಸಾಲಿನಲ್ಲಿ ಹಸಿರು ಟೀಶರ್ಟಿನ ಕಾರ್ಮಿಕರು. ಎದೆಯ ಮೇಲೆ 'ನಮ್ಮ ಊರು, ನಮ್ಮ ಗಿಡ' ಎಂಬ ಅಕ್ಷರ. ಹಿಂದೆ ಗೇಲ್ ಕಡೆಯವರು, ಕೈಯಲ್ಲಿ ಮಕ್ಕಳ ಫೋಟೋ. ಆ ಸಭಾಂಗಣದ ಪದ್ಧತಿ ಊರಷ್ಟೇ ಹಳೆಯದು. ನಡುಹಾದಿಯ ಎಡಕ್ಕೆ ಒಂದು ಮೈಕು, ಬಲಕ್ಕೆ ಒಂದು. ಪರವಾಗಿ ಮಾತಾಡುವವರು ಎಡಗಡೆ ಸಾಲು ನಿಲ್ಲಬೇಕು, ವಿರೋಧಿಸುವವರು ಬಲಗಡೆ. ಅತ್ತ ಒಬ್ಬರು, ಇತ್ತ ಒಬ್ಬರು, ಸರದಿಯಂತೆ. ನ್ಯಾಯ ತಪ್ಪಬಾರದೆಂದು ಅಜ್ಜಂದಿರು ಮಾಡಿಟ್ಟ ಏರ್ಪಾಡು. ಮೂರನೆಯ ಮೈಕು ಬೇಕಾಗಬಹುದೆಂದು ಯಾವ ಅಜ್ಜನಿಗೂ ತೋಚಲಿಲ್ಲ.

ಎಡಗಡೆಯಿಂದ ಯುದ್ಧದಿಂದ ಮರಳಿದ ಸೈನಿಕನೊಬ್ಬ ಬಂದು ತನಗೆ ನಿದ್ದೆ ಕೊಟ್ಟದ್ದು ಈ ಗಿಡವೇ ಎಂದ. ಬಲಗಡೆಯಿಂದ ಒಬ್ಬ ತಾಯಿ ಬಂದು ಗಾಂಜಾ ಸೇದಿ ಕಾರು ಓಡಿಸಿದವನು ತನ್ನ ಮಗನಿಗೆ ಗುದ್ದಿದ್ದನ್ನು ಹೇಳಿದಳು. ಇಬ್ಬರೂ ಅತ್ತರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಆಮೇಲೆ ಎಡಗಡೆ, "ಹೆಂಡಕ್ಕಿಂತ ಇದು ವಾಸಿ." ಬಲಗಡೆ, "ಮಕ್ಕಳ ಮಿದುಳು." ಎಡಗಡೆ, "ತೆರಿಗೆಯಿಂದ ಶಾಲೆಗೆ ಹೊಸ ಛಾವಣಿ ಬಂತು." ಬಲಗಡೆ, "ಆ ಛಾವಣಿ ಕೆಳಗೇ ಮಕ್ಕಳು ಸೇದ್ತಿದಾರೆ." ಸಭಾಂಗಣದ ತುಂಬ ಆರೋಗ್ಯದ ಮಾತೇ ಮಾತು. ಸೇದುವವರ ಆರೋಗ್ಯ, ಸೇದದವರ ಆರೋಗ್ಯ, ಇನ್ನೂ ಹುಟ್ಟದವರ ಆರೋಗ್ಯ. ಅರೆಯುವವರು ಮುಂದಿನ ಸಾಲಿನಲ್ಲೇ ಕೂತಿದ್ದರು.

ನೊಯೆಮಿ ಎದ್ದಾಗ ಗುಸುಗುಸು ನಿಂತಿತು. ಎಡಗಡೆಯ ಸಾಲಿನಲ್ಲಿ ನಿಂತಿದ್ದ ಬ್ರೆಂಡನ್ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ. ಬಲಗಡೆ ಗೇಲ್ ಕೂಡ ಸರಿದಳು. ನೊಯೆಮಿ ಕಪ್ಪು ಚಳಿಕೋಟಿನಲ್ಲಿ ನಡುಹಾದಿಯ ಉದ್ದಕ್ಕೂ ನಡೆದು ಬಂದು ಎರಡು ಮೈಕುಗಳ ನಡುವೆ ನಿಂತಳು.

"ನಾನು ನೊಯೆಮಿ ಕಿನ್ಯೋನೆಸ್. ಮಿಲಾಗ್ರೋಸ್‌ಳ ಅಕ್ಕ."

"ಮೈಕಿಗೆ ಬನ್ನಿ," ಎಂದ ಅಧ್ಯಕ್ಷ ಪೆಲ್ಟಿಯರ್. ಬಿಳಿ ಮೀಸೆಯ, ಒಳ್ಳೆಯ ಮನುಷ್ಯ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. "ಪರವೋ, ವಿರೋಧವೋ?"

"ಎರಡೂ ಅಲ್ಲ."

ಯಾರೋ ಕಿಸಕ್ಕೆಂದರು.

"ಹಾಗಾಗಲ್ಲಮ್ಮಾ. ಒಂದು ಕಡೆ ಹೋಗಿ. ಯಾವ ಕಡೆಯಾದ್ರೂ ಸರಿ, ನಿಮ್ಮ ಮಾತು ಕೇಳ್ತೀವಿ."

"ನಂಗೆ ಮೈಕ್ ಬೇಡ. ಈ ಊರಿನ ಅರ್ಧ ಜನಕ್ಕೆ ನನ್ನ ದನಿ ಮೈಕಿಲ್ದೇ ಕೇಳಿ ಅಭ್ಯಾಸ ಇದೆ." ಅವಳು ಬಲಕ್ಕೆ ತಿರುಗಿದಳು. "ಗೇಲ್. ನನ್ನ ತಂಗಿಗೆ ಆಸ್ತಮಾ ಇತ್ತಾ? ಒಂದೇ ಮಾತು."

ಗೇಲ್ ಡೊಹರ್ಟಿ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದಳು. "ಇರಲಿಲ್ಲ," ಎಂದಳು. ಆಮೇಲೆ ದನಿ ಏರಿಸಿ, "ಅದಕ್ಕೇ ಹೇಳೋದು, ಮುಚ್ಚಿ ಅಂತ!" ಎಂದಳು. ಹಿಂದಿನ ಸಾಲುಗಳು ಎದ್ದು ಚಪ್ಪಾಳೆ ತಟ್ಟಿದವು.

"ತಟ್ಟಬೇಡಿ!" ನೊಯೆಮಿಯ ಕೂಗಿಗೆ ಚಪ್ಪಾಳೆ ನಿಂತಿತು. "ಅವಳು ಬದುಕಿದ್ದಾಗ ನಿಮಗೆ ಅವಳು ಗಾಂಜಾ ಮಾರೋಳು. ಸತ್ತ ಮೇಲೆ ನಿಮ್ಮ ಫಲಕ. ನಾನು ಮುಚ್ಚಿ ಅಂತ ಕೇಳೋಕೆ ಬಂದಿಲ್ಲ." ಎಡಗಡೆ ಬ್ರೆಂಡನ್ ಉಸಿರು ಬಿಟ್ಟದ್ದು ಮೈಕಿನಲ್ಲಿ ಕೇಳಿಸಿತು. ಅವಳು ಅತ್ತ ತಿರುಗಿದಳು. "ನೀನು ಉಸಿರಾಡಬೇಡ ಬ್ರೆಂಡನ್, ಇನ್ನೂ ಮುಗಿದಿಲ್ಲ. ಗಿರಾಕಿ ಬಂದಾಗ ಅವಳ ಮುಖದಿಂದ ಮಾಸ್ಕ್ ತೆಗೆಸಿದ್ದು ನೀನು. ಗಿಡಕ್ಕೆ ಕೆಟ್ಟ ಹೆಸರು ಬರಬಾರದು ಅಂತ. ಗಿಡದ ಹೆಸರು ಉಳೀತು. ಆ ಧೂಳು ಗುಡಿಸಿ ಮಾರೋಕೆ ಬೇಕು ಅಂತ ವ್ಯಾಕ್ಯೂಮ್ ಮೂಲೇಲಿ ನಿಲ್ಸಿದೀರಿ. ನಿನ್ನೆಯೂ ಅದನ್ನ ಗುಡಿಸಿದಾರೆ. ಇವತ್ತೂ. ಈ ಮುಂದಿನ ಸಾಲಲ್ಲಿ ಎಷ್ಟು ಜನಕ್ಕೆ ಕೆಮ್ಮಿದೆ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಹಸಿರು ಎದೆಗಳು ಕಲ್ಲಿನಂತೆ ಕೂತಿದ್ದವು. ಎರಡನೆಯ ಸಾಲಿನ ತುದಿಯಲ್ಲಿ ಹಲೀನಾ ಕುರ್ಚಿಯ ಬೆನ್ನಿಗೆ ಹಾಕಿದ್ದ ಜಾಕೆಟ್ಟನ್ನು ಎಳೆದು ತೊಟ್ಟುಕೊಂಡು, ಜಿಪ್ಪನ್ನು ಗಂಟಲಿನವರೆಗೆ ಎಳೆದಳು. ಟೀಶರ್ಟಿನ ಅಕ್ಷರ ಮುಚ್ಚಿಹೋಯಿತು. ಪಕ್ಕದವಳು ಅವಳನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳೂ ತನ್ನ ಶಾಲನ್ನು ಎದೆಯ ಮೇಲೆ ಹೊದ್ದುಕೊಂಡಳು.

ಪೆಲ್ಟಿಯರ್ ಮರದ ಸುತ್ತಿಗೆ ಬಡಿದ. "ನೊಯೆಮಿ, ನಿಮ್ಮ ಸಂಕಟ ನಮಗೆಲ್ಲ ಅರ್ಥವಾಗುತ್ತೆ. ಆದ್ರೆ ನಿಯಮ ಅಂದ್ರೆ ನಿಯಮ. ಪರ ಅಂದ್ರೆ ಎಡಕ್ಕೆ, ವಿರೋಧ ಅಂದ್ರೆ ಬಲಕ್ಕೆ. ಎರಡೂ ಆಗಲ್ಲ ಅಂದ್ರೆ ಕೂತ್ಕೊಳ್ಳಿ. ನೀವಾಡಿದ್ದು ಯಾವ ಕಡೆಯ ಲೆಕ್ಕಕ್ಕೂ ಸೇರಲ್ಲ."

"ಸೇರಿಸಿ."

"ಯಾವುದಕ್ಕೆ ಅಂತ ಸೇರಿಸ್ಲಿ?"

"ಆ ಕೋಣೆಗೆ ಗಾಳಿ ಎಳೆಯೋ ಯಂತ್ರ ಹಾಕೋವರೆಗೆ ಇನ್ನೊಂದು ಮಹಡಿ ಕೊಡಬೇಡಿ. ಆಸ್ತಮಾ ಅಂತ ಹೇಳಿದ ಸುಳ್ಳನ್ನ ಅವರೇ ವಾಪಸ್ ತಗೊಳ್ಳಲಿ. ಇದನ್ನ ಬರೀರಿ. ಆಮೇಲೆ ಎಡಕ್ಕೆ ಹಾಕ್ತೀರೋ ಬಲಕ್ಕೆ ಹಾಕ್ತೀರೋ ನಿಮ್ಮ ತಲೆನೋವು."

"ಕೂತ್ಕೊಳ್ಳಿ ಅಕ್ಕಾ!" ಎಂದು ಎಡಗಡೆಯಿಂದ ಒಬ್ಬ ಕೂಗಿದ. "ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ!" ಬಲಗಡೆಯಿಂದ ಇನ್ನೊಬ್ಬಳು, "ಇನ್ನೂ ಅವರ ಪರವೇ ಮಾತಾಡ್ತಾಳೆ, ತಂಗೀನ ತಿಂದ್ಕೊಂಡ ಮೇಲೂ!" ಎಂದಳು. ಎರಡೂ ಕಡೆಯವರು ಅಂದು ಸಂಜೆ ಮೊದಲ ಸಲ ಒಂದೇ ಮಾತನ್ನು ಕೂಗಿದರು: "ಕೂರಿಸಿ ಅವಳನ್ನ!"

ಬಾಗಿಲ ಬಳಿಯಿದ್ದ ಪೊಲೀಸಿನವನು ಟೋಪಿ ಕೈಯಲ್ಲಿ ಹಿಡಿದುಕೊಂಡು ನಡುಹಾದಿಯಲ್ಲಿ ಬಂದ. ಅವಳ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಅವನ ಕೈ ನಿಂತಿತು. ಮುಟ್ಟಲಿಲ್ಲ.

"ಮಿಸ್, ಬನ್ನಿ. ಆಚೆ ಹೋಗೋಣ. ಕಾಫಿ ಕುಡಿಯೋಣ."

"ಬರಲ್ಲಪ್ಪ."

"ಹಂಗಾದ್ರೆ ಕೂತ್ಕೊಂಡುಬಿಡಿ ಮಿಸ್. ಅವರು ಕೇಳ್ತಿರೋದು ಅಷ್ಟೇ."

"ಕೂರಲ್ಲ."

ಪೆಲ್ಟಿಯರ್ ಮತ್ತೆ ಸುತ್ತಿಗೆ ಎತ್ತಿದ. ನೊಯೆಮಿ ಕತ್ತಿನ ಕೆಳಗಿನ ಮೊದಲ ಗುಂಡಿಗೆ ಕೈ ಹಾಕಿದಳು. ಅದು ಬಿಚ್ಚಿತು. ಅವಸರವಿಲ್ಲದೆ ಒಂದೊಂದಾಗಿ ಉಳಿದವನ್ನೂ ಬಿಚ್ಚಿ, ಕಪ್ಪು ಕೋಟನ್ನು ಮೈಯಿಂದ ಕಳಚಿ, ನೀಟಾಗಿ ಎರಡು ಮಡಿಕೆ ಮಾಡಿ, ಕಾಲ ಬಳಿ ನೆಲದ ಮೇಲೆ ಇಟ್ಟು, ಎರಡು ಮೈಕುಗಳ ನಡುವೆ ಅಲ್ಲೇ ನಿಂತಳು.